ಕೀಲಿ ಅವಳ ಕೊರಳಲ್ಲಿ

ಫುಜೆಟಾ ಬಿಟ್ಟು ಮೂರು ತಾಸು. ಗಾಳಿ ಸತ್ತಿತು.
ಮೋಟರಿನ ಕೀಲಿ ತಿರುಗಿಸಿದೆ.
ಅಡಿಯಲ್ಲೇನೋ ಧಡ್ ಎಂದಿತು. ಯಂತ್ರ ಒಮ್ಮೆ ಕೆಮ್ಮಿ
ನಿಂತೇಹೋಯಿತು.
"ಹಗ್ಗ" ಅಂದಳು ಗ್ರಾಸಿಯೆತ್, ಒಳಗಿನಿಂದಲೇ.
ನೋಡಿರಲಿಲ್ಲ ಅವಳು. ಈರುಳ್ಳಿ ಹೆಚ್ಚುತ್ತಿದ್ದಳು.

ಹಿಂಬದಿಗೆ ಹೋಗಿ ಬಗ್ಗಿದೆ.
ಹಸಿರು ನೀರಿನಲ್ಲಿ ಹಳದಿ ಗೆರೆಯೊಂದು
ನಮ್ಮ ದೋಣಿಯ ಹೊಟ್ಟೆಯಡಿ ನುಗ್ಗಿ
ಈಚೆ ಬಂದಿರಲಿಲ್ಲ.
ದೂರದಲ್ಲಿ ತೇಲುವ ಸೋಪಿನ ಡಬ್ಬಿ,
ಅದರ ಮೇಲೆ ಕೆಂಪು ಬಣ್ಣದಲ್ಲಿ ನಲವತ್ತೊಂದು.
ಆಕ್ಟೋಪಸ್ ಹಿಡಿಯುವ ಯಾರದೋ ಮಡಕೆಸಾಲು:
ಒಂದೇ ಹಗ್ಗಕ್ಕೆ ಮೂವತ್ತು, ಕತ್ತಲಲ್ಲಿ ಕೂತಿವೆ ಬಾಯ್ದೆರೆದು.

ಹಾಯಿ ಇಳಿಸಿದೆ. ಚುಕ್ಕಾಣಿ ಕಟ್ಟಿದೆ.
ಅವಳು ಬಟ್ಟೆ ಕಳಚಿ, ಬ್ರೆಡ್ಡು ಕೊಯ್ಯುವ ಗರಗಸದ ಚಾಕು
ಮಣಿಕಟ್ಟಿಗೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು
ತುದಿಯನ್ನು ನನ್ನ ಕೈಗಿತ್ತಳು.
ಆಮೇಲೆ ನೇರ ಹೋಗಿ ಮೋಟರಿನ ಕೀಲಿ ಕಿತ್ತು
ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಹನ್ನೊಂದು ವರ್ಷದ ಹಿಂದೆ, ಲಾಗೋಸ್‌ನಲ್ಲಿ,
ಅವಳು ಕೆಳಗಿದ್ದಾಗ "ಸರಿಯಾಯಿತೇನೋ ನೋಡೋಣ" ಎಂದು
ನಾನೊಮ್ಮೆ ಕೀಲಿಗೆ ಕೈಹಾಕಿದ್ದೆ.
ಏನೂ ಆಗಲಿಲ್ಲ.
ಏನೂ ಆಗಲಿಲ್ಲವೆಂಬುದನ್ನು
ಅವಳು ಮರೆತಿಲ್ಲ.

ನನಗೆ ಈಜು ಬಾರದು. ಮೂವತ್ತೆಂಟು ವರ್ಷ ಅಂಚೆಕಚೇರಿಯಲ್ಲಿ
ಠಸ್ಸೆ ಒತ್ತಿದ ಕೈ ಇದು.
ಒಂದು ಎಳೆತ: ಸುಖ. ಎರಡು: ಸಡಿಲಿಸು.
ಮೂರಾದರೆ ಎಳೆದುಕೋ, ಯೋಚಿಸಬೇಡ.

ಮೊದಲ ಮುಳುಗು. ನಲವತ್ತು ಎಣಿಸಿದೆ.
ಅಲೆ ದೋಣಿಯ ಹಿಂಭಾಗವನ್ನೆತ್ತಿ ನೀರಿಗೆ ಬಡಿಯುತ್ತಿತ್ತು,
ಒನಕೆಯಂತೆ. ಅದರ ಕೆಳಗೆ ಅವಳ ತಲೆ.
ಮೇಲೆದ್ದು ಉಗುಳಿದಳು: "ಮೂರು ಸುತ್ತು. ಎರಡು ಬಿಚ್ಚಿದೆ."
ಬಿಚ್ಚಿದೆ, ಅಂದಳು. ಕೊಯ್ದೆ ಅನ್ನಲಿಲ್ಲ.
"ಕೊಯ್ದು ಬಾರೇ" ಎಂದೆ.
ಅಷ್ಟರಲ್ಲಿ ಮತ್ತೆ ಇರಲಿಲ್ಲ.

ಎರಡನೆಯದು. ಐವತ್ತೆರಡು.
ಅವಳಪ್ಪ ಸಾಂತಾ ಲುಜಿಯಾದಲ್ಲಿ ಮಡಕೆ ಇಳಿಸುತ್ತಿದ್ದವನು.
ಒಂದು ಚಳಿಗಾಲ ಯಾರದೋ ಶೋಕಿಯ ದೋಣಿ
ಅವನ ಸಾಲು ಕತ್ತರಿಸಿಕೊಂಡು ಹೋಯಿತಂತೆ;
ಆ ವರ್ಷ ಇವಳಿಗೆ ಶೂಸಿಲ್ಲ.
ಮದುವೆಯಾದ ಹೊಸತರಲ್ಲಿ ಹೇಳಿದ್ದಳು, ಒಂದೇ ಸಲ.

ಎದ್ದಾಗ ಬೆರಳ ತುಂಬ ಚಿಪ್ಪು ಗೀರಿದ ನೆತ್ತರು.
"ಮೂರನೆಯದು ಕರಗಿ ದಂಡಕ್ಕೆ ಅಂಟಿದೆ, ಪ್ಲಾಸ್ಟಿಕ್ ಮುದ್ದೆ.
ಅದನ್ನು ಕೊಯ್ಯಲೇಬೇಕು. ತುದಿಗಳನ್ನು ತರುತ್ತೇನೆ, ಹಿಡಿ."

ಆಗಲೇ ಬೆನ್ನಿಗೆ ತಂಪು ತಾಗಿತು.
ಬೇಡದ ಹೊತ್ತಿಗೆ ಬರುವ ನೆಂಟನ ಹಾಗೆ ಗಾಳಿ.
ಎಪ್ಪತ್ತು. ಎಪ್ಪತ್ತೊಂದು.
ಹಗ್ಗ ನನ್ನೊಡನೆ ಮಾತಾಡಲಿಲ್ಲ.
ಎಪ್ಪತ್ತಾರಕ್ಕೆ ನೀರು ಒಡೆದು ಒಂದು ಕೈ,
ಹೆಬ್ಬಾವಿನ ಮರಿಗಳಂಥ ಎರಡು ಹಳದಿ ತುದಿ.

ಹಿಡಿದೆ. ದೋಣಿ ಬಿಡುಗಡೆಯಾಗಿ ಜಾರತೊಡಗಿತು.
ಎಡಗೈಯಲ್ಲಿ ಹೆಂಡತಿ,
ಬಲಗೈಯಲ್ಲಿ ಹೆಸರೂ ಗೊತ್ತಿಲ್ಲದವನ ಇಡೀ ಅನ್ನ,
ಎರಡೂ ಎರಡು ದಿಕ್ಕಿಗೆ.
ಭುಜ ಕಿತ್ತು ಬರುವಂತಿತ್ತು.
"ಬಿಡಲಾ?" ಎಂದು ಕೂಗಿದೆ.
ಏನನ್ನು ಎಂದು ಅವಳು ಕೇಳಲಿಲ್ಲ.

ಏಣಿಗೆ ಮೊಣಕೈ ಸಿಕ್ಕಿಸಿ, ಹಲ್ಲಲ್ಲೊಂದು ತುದಿ ಕಚ್ಚಿ
ಗಂಟು ಹಾಕಿದಳು. ನಾನು ಕಂಡಿರದ ಗಂಟು:
ಎರಡು ಸುತ್ತು, ಒಳಗೊಂದು ಮಡಿಕೆ, ಕೊನೆಗೆ ಜಗ್ಗಿ
ಬಾಯಿಂದ ಬಿಟ್ಟಳು.
ಹಳದಿ ಗೆರೆ ಇಳಿದು ಹಸಿರಾಯಿತು.
ನಲವತ್ತೊಂದು ತಲೆಯಾಡಿಸುತ್ತ ಹಿಂದುಳಿಯಿತು.

ನಾಳೆಯೋ ನಾಡಿದ್ದೋ ಯಾರೋ ಸಾಲು ಎಳೆವಾಗ
ತನ್ನದಲ್ಲದ ಗಂಟು ಬೆರಳಿಗೆ ಸಿಕ್ಕು
ಒಂದು ಕ್ಷಣ ನಿಂತಾನು. ಬೈದಾನು. ಬೈಯಲಿ.

ಈರುಳ್ಳಿ ಸೀದು ಹೋಗಿತ್ತು.
ಹಾಯಿ ಏರಿಸಿದೆ, ಮೋಟರು ಬೇಕಾಗಲಿಲ್ಲ.
ಟವೆಲು ಸುತ್ತಿಕೊಂಡು ಅವಳು ನಿದ್ದೆಹೋದಳು,
ಉಪ್ಪು ಕೂತ ಕೊರಳಲ್ಲಿ ಕೀಲಿ ಏರುತ್ತ ಇಳಿಯುತ್ತ.
ತವೀರಾ ಬರುವವರೆಗೂ ಕೇಳಲಿಲ್ಲ ನಾನು.
ಬಂದ ಮೇಲೂ.